ಓಡುವ ಕೋಣಕ್ಕೆ ಫೋನ್ ಸಾಕಾ, ಕ್ಯಾಮೆರಾ ಬೇಕಾ?

ಕಂಬಳದ ಸೀಸನ್ ಶುರುವಾದರೆ ಸಾಕು, ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಫೋನ್ ಹೊಸದು, ಮನೆಯವರ ಫೋಟೊ ಎಲ್ಲ ಚಂದ ಬರುತ್ತೆ, ಕೋಣ ಓಡುವಾಗ ತೆಗೆದರೆ ಮಾತ್ರ ಕಪ್ಪು ಮುದ್ದೆ. ಕ್ಯಾಮೆರಾ ತಗೊಳ್ಳಬೇಕಾ?" ಒಂದೇ ಕಂಬಳದಲ್ಲಿ ಎರಡನ್ನೂ ಹಿಡಿದುಕೊಂಡು ಕರೆಯ ಬದಿಯಲ್ಲಿ ನಿಂತು ತೆಗೆದಿದ್ದೇನೆ. (ಕರೆ ಅಂದರೆ ಕೋಣ ಓಡುವ ಕೆಸರು ನೀರಿನ ಓಣಿ. ಘಟ್ಟದ ಮೇಲಿನವರಿಗೆ ಹೇಳುತ್ತಿದ್ದೇನೆ.) ನನ್ನ ಉತ್ತರ ಇಷ್ಟೇ: ನಿಮ್ಮ ಫೋಟೊ ಯಾಕೆ ಕೆಟ್ಟಿತು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಮುಖ್ಯವಾಗಿ ಮೂರು ಬೇರೆ ಬೇರೆ ಕಾರಣಗಳಿಂದ ಕೆಡುತ್ತದೆ (ಶಟರ್, ಬೆಳಕು, ದೂರ), ಮೂರರಲ್ಲಿ ಒಂದಕ್ಕೆ ಮಾತ್ರ ದುಡ್ಡು ಖರ್ಚು ಮಾಡಲೇಬೇಕು.

ವೇಗದ ಲೆಕ್ಕದಿಂದ ಶುರು ಮಾಡೋಣ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದು ದೇಶಕ್ಕೆಲ್ಲ ಸುದ್ದಿಯಾಯಿತಲ್ಲ, ಅದನ್ನು ಭಾಗಿಸಿ ನೋಡಿ. ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ನಿಮ್ಮ ಫೋನು 1/50 ಸೆಕೆಂಡ್ ಶಟರ್ ತೆರೆದಿಟ್ಟರೆ ಅಷ್ಟರಲ್ಲಿ ಕೋಣ 21 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಒಂದು ಗೇಣು. ಮುಖವೇ ಗೇಣುದ್ದ ಸವರಿಕೊಂಡ ಮೇಲೆ ಇನ್ನೇನು ಉಳಿಯುತ್ತೆ? 1/1000 ಇಟ್ಟರೆ ಒಂದು ಸೆಂಟಿಮೀಟರ್, 1/2000 ಇಟ್ಟರೆ ಅರ್ಧ. ಕಾಲು ಮತ್ತು ಚಿಮ್ಮುವ ನೀರು ಮೈಗಿಂತ ಜಾಸ್ತಿ ವೇಗದಲ್ಲಿರುತ್ತವೆ, ಹಾಗಾಗಿ ನೀರಿನ ಹನಿ ಹನಿಯೂ ಬಿಡಿಯಾಗಿ ಕಾಣಬೇಕು ಅನ್ನುವವರು 1/2000ಕ್ಕೇ ಹೋಗಬೇಕು. ಈ ಲೆಕ್ಕ ಫೋನಿಗೂ ಅದೇ, ದೊಡ್ಡ ಕ್ಯಾಮೆರಾಕ್ಕೂ ಅದೇ.

ಹೆಜ್ಜೆ 1: ಮನೆಯ ನಾಯಿಯ ಮೇಲೆ ಪರೀಕ್ಷೆ ಮಾಡಿ

ಕಂಬಳಕ್ಕೆ ಹೋಗುವ ಮೊದಲು ಅಂಗಳದಲ್ಲಿ ಇದನ್ನು ಮಾಡಿ. ನಾಯಿ ಇಲ್ಲದಿದ್ದರೆ ಪಕ್ಕದ ಮನೆಯ ಕರು, ಕೋಳಿ ಯಾವುದಾದರೂ ಆಗುತ್ತದೆ, ಓಡಬೇಕು ಅಷ್ಟೆ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಒಂದು ಸಲ, ಸಂಜೆ ಆರೂವರೆಗೆ ಒಂದು ಸಲ. ಎರಡೂ ಹೊತ್ತಿನಲ್ಲಿ ನಾಲ್ಕೈದು ಮೀಟರ್ ಹತ್ತಿರದಿಂದ ಕೆಲವು, ಮೂವತ್ತು ಮೀಟರ್ ದೂರದಿಂದ ಕೆಲವು ತೆಗೆಯಿರಿ. ಆಮೇಲೆ ಫೋನಿನಲ್ಲೇ ಫೋಟೊದ ವಿವರ ತೆರೆದು, ಶಟರ್ ಎಷ್ಟಿತ್ತು ಅಂತ ನೋಡಿ. ಹೆಚ್ಚಿನ ಫೋನ್‌ಗಳಲ್ಲಿ ಫೋಟೊವನ್ನು ಮೇಲಕ್ಕೆ ಸರಿಸಿದರೆ ಸಿಗುತ್ತದೆ.

ಈಗ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಗೋಡೆ, ಗಿಡ ಎಲ್ಲ ಸ್ಪಷ್ಟ, ನಾಯಿ ಮಾತ್ರ ಸವರಿದ ಹಾಗಿದ್ದರೆ ಶಟರ್ ನಿಧಾನವಾಗಿತ್ತು. ಗೋಡೆಯೂ ಸವರಿಕೊಂಡಿದ್ದರೆ ನಿಮ್ಮ ಕೈ ಅಲ್ಲಾಡಿದೆ. ನಾಯಿ ಮಸುಕು, ಆದರೆ ಅದರ ಹಿಂದಿನ ಹುಲ್ಲೋ ಮುಂದಿನ ಮಣ್ಣೋ ಗರಿಗರಿಯಾಗಿದ್ದರೆ ಫೋಕಸ್ ತಪ್ಪಿದೆ. ಯಾವುದೂ ಸವರಿಕೊಂಡಿಲ್ಲ, ಆದರೆ ಕೂದಲೆಲ್ಲ ಬಣ್ಣದಲ್ಲಿ ಅದ್ದಿ ಬಳಿದ ಹಾಗೆ ಕಾಣುತ್ತಿದ್ದರೆ ಅದು ದೂರದ ತೊಂದರೆ, ಫೋನು ತನಗೆ ಸಿಗದ ವಿವರವನ್ನು ತಾನೇ ತುಂಬಿಸಲು ನೋಡಿದೆ. ಒಂದೇ ನಾಯಿಗೆ ಎರಡು ಬಾಲ, ಐದು ಕಾಲು ಕಂಡರೆ? ಫೋನು ಒಂದು ಫೋಟೊ ಅಂತ ಕೊಡುವುದು ಹಲವು ಸಲ ನಾಲ್ಕಾರು ಫೋಟೊಗಳನ್ನು ಒಂದರ ಮೇಲೊಂದು ಜೋಡಿಸಿದ್ದು. ನಿಂತ ವಸ್ತುವಿಗೆ ಅದು ಬಹಳ ಒಳ್ಳೆಯದು, ಓಡುವ ಪ್ರಾಣಿಗೆ ಅದೇ ಮುಳುವು.

ಈ ನಾಲ್ಕು ಸೆಟ್ ನೋಡಿದ ಮೇಲೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮಗೇ ಸಿಕ್ಕಿರುತ್ತದೆ. ಹತ್ತು ಗಂಟೆಗೆ ಹತ್ತಿರದಿಂದ ತೆಗೆದದ್ದು ಚೆನ್ನಾಗಿಯೇ ಬಂದಿರುತ್ತದೆ, ಬೇಕಾದರೆ ನೋಡಿ.

ಬಿಸಿಲಿನಲ್ಲಿ ಫೋನು ಯಾಕೆ ಗೆಲ್ಲುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಫೋನಿನ ಮುಖ್ಯ ಲೆನ್ಸಿನ ಬಾಯಿ ದೊಡ್ಡದು, ಸಾಮಾನ್ಯವಾಗಿ ಎಫ್/1.8ರ ಆಸುಪಾಸು, ಮತ್ತು ಹೆಚ್ಚಿನ ಫೋನ್‌ಗಳಲ್ಲಿ ಅದನ್ನು ಕಿರಿದು ಮಾಡಲು ಬರುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅಷ್ಟು ಬೆಳಕು ಒಳಗೆ ನುಗ್ಗಿದರೆ ಫೋನಿಗೆ ಇರುವ ದಾರಿ ಒಂದೇ, ಶಟರ್ ಬೇಗ ಮುಚ್ಚುವುದು. ಐಎಸ್‌ಒ (ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿಕೊಳ್ಳುತ್ತದೆ ಅನ್ನುವ ಅಳತೆ) ಬರೀ 50 ಅಂತ ಇಟ್ಟುಕೊಂಡರೂ ಅದು 1/4000ರ ಹತ್ತಿರ ಹೋಗಬೇಕಾಗುತ್ತದೆ. ನೀವು ಏನನ್ನೂ ಮುಟ್ಟದಿದ್ದರೂ ಕೋಣ ನಿಂತ ಹಾಗೆ ಸಿಗುವುದು ಇದರಿಂದ. ಮುಖ್ಯ ಲೆನ್ಸಿನಲ್ಲಿ ಫೋಕಸ್ ತಪ್ಪುವುದೂ ಕಡಿಮೆ. ನಾಲ್ಕೈದು ಮೀಟರ್ ದೂರಕ್ಕೆ ಫೋಕಸ್ ಆದರೆ ಅದರ ಹಿಂದಿನದೆಲ್ಲ ಹೆಚ್ಚುಕಡಿಮೆ ಸ್ಪಷ್ಟವಾಗಿಯೇ ಇರುತ್ತದೆ.

ಸಂಜೆಯಾದಾಗ, ಮರದ ನೆರಳು ಬಿದ್ದಾಗ ಅದೇ ಫೋನು ಸದ್ದಿಲ್ಲದೆ 1/100, 1/60ಕ್ಕೆ ಇಳಿಯುತ್ತದೆ. ಅದರ ಲೆಕ್ಕದಲ್ಲಿ ಕಾಳು ಕಾಳಾದ ಚಿತ್ರ ಕೊಡುವುದಕ್ಕಿಂತ ಇದು ಮೇಲು. ನೀವು ಕೋಣ ತೆಗೆಯುತ್ತಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ, ಹೇಳಬೇಕು.

ಹೆಜ್ಜೆ 2: ಎಷ್ಟು ದೂರದಲ್ಲಿ ನಿಲ್ಲುತ್ತೀರಿ?

ಕರೆಯ ಬದಿಯಲ್ಲಿ ಐದು ಮೀಟರ್ ದೂರದಲ್ಲಿ ನಿಂತರೆ ಫೋನಿನ 1ಎಕ್ಸ್ ಲೆನ್ಸಿನಲ್ಲಿ ಏಳೂವರೆ ಮೀಟರ್ ಅಗಲ ತುಂಬುತ್ತದೆ. ಜೋಡಿ ಕೋಣ, ಹಿಂದೆ ಓಡಿಸುವವರು, ಎದ್ದ ನೀರು, ಎಲ್ಲ ಒಂದು ಚೌಕಟ್ಟಿನಲ್ಲಿ ಸರಿಯಾಗಿ ಕೂರುತ್ತವೆ. ಇಲ್ಲಿ ಫೋನಿಗೆ ಏನೂ ಕಡಿಮೆ ಇಲ್ಲ. ನೀರು ಎರಚುವುದನ್ನು ಲೆಕ್ಕಕ್ಕೆ ಇಟ್ಟರೆ ಫೋನೇ ಒಳ್ಳೆಯದು ಅಂತಲೂ ಅನ್ನುತ್ತೇನೆ.

ಈಗ ಮಂಜೊಟ್ಟಿಯ ಕಡೆ ಹೋಗಿ, ಅಂದರೆ ಓಟ ಮುಗಿಯುವ ತುದಿಗೆ. ಎದುರಿನಿಂದ ಕೋಣಗಳು ನಿಮ್ಮ ಕಡೆಗೇ ಓಡಿ ಬರುತ್ತಿವೆ, ನಲವತ್ತು ಮೀಟರ್ ದೂರದಲ್ಲಿವೆ. ಅದೇ 1ಎಕ್ಸ್ ಲೆನ್ಸಿನಲ್ಲಿ ಈಗ ಅರವತ್ತು ಮೀಟರ್ ಅಗಲ ಕಾಣುತ್ತದೆ. ಅದರಲ್ಲಿ ಕೋಣದ ಜೋಡಿ ಎರಡು ಮೀಟರ್. ಮೂವತ್ತರಲ್ಲಿ ಒಂದು ಪಾಲು! ನೀವು ಬೆರಳಿನಿಂದ ಹಿಗ್ಗಿಸಿ ಕ್ಯಾಮೆರಾದ 300 ಎಂಎಂ ನೋಟಕ್ಕೆ (ಎಂಎಂ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ತಂದರೆ, 50 ಮೆಗಾಪಿಕ್ಸೆಲ್ ಅಂತ ಡಬ್ಬಿಯ ಮೇಲೆ ಬರೆದಿದ್ದರೂ ಕೈಗೆ ಉಳಿಯುವುದು ಅರ್ಧ ಮೆಗಾಪಿಕ್ಸೆಲ್‌ಗೂ ಕಡಿಮೆ. ಐದು ಪಟ್ಟು ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತರುವ ಲೆನ್ಸ್) ಇರುವ ಫೋನಾದರೆ ಪರಿಸ್ಥಿತಿ ಬಹಳ ಸುಧಾರಿಸುತ್ತದೆ, 120 ಎಂಎಂ ಹತ್ತಿರದ ನೋಟ ಸಿಗುತ್ತದೆ. ಆದರೆ ಆ ಲೆನ್ಸಿನ ಹಿಂದಿರುವ ಸೆನ್ಸರ್ ಮುಖ್ಯ ಸೆನ್ಸರ್‌ಗಿಂತ ಚಿಕ್ಕದು, ಬಾಯಿಯೂ ಕಿರಿದು, ಹಾಗಾಗಿ ಬೆಳಕು ಕಡಿಮೆಯಾದ ತಕ್ಷಣ ಕೈಕೊಡುತ್ತದೆ.

ಇಲ್ಲೊಂದು ಪರೀಕ್ಷೆ ಹೇಳುತ್ತೇನೆ, ತಪ್ಪದೆ ಮಾಡಿ ನೋಡಿ. ಫೋನಿನಲ್ಲಿ 3ಎಕ್ಸ್ ಅಥವಾ 5ಎಕ್ಸ್ ಒತ್ತಿ, ಹಿಂದಿನ ಟೆಲಿ ಲೆನ್ಸನ್ನು ಬೆರಳಿನಿಂದ ಮುಚ್ಚಿ. ಪರದೆ ಕಪ್ಪಾದರೆ ನಿಜವಾದ ಟೆಲಿ ಲೆನ್ಸ್ ಕೆಲಸ ಮಾಡುತ್ತಿದೆ. ಕಪ್ಪಾಗದಿದ್ದರೆ ಫೋನು ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸಿ ತೋರಿಸುತ್ತಿದೆ. ಮಂದ ಬೆಳಕಿನಲ್ಲಿ, ತುಂಬ ಹತ್ತಿರದಲ್ಲಿ ಹಲವು ಫೋನ್‌ಗಳು ಹೀಗೆ ಮಾಡುತ್ತವೆ.

ಸಾಮಾನ್ಯ ಡಿಎಸ್‌ಎಲ್‌ಆರ್‌ಗೆ 70-300 ಎಂಎಂ ಲೆನ್ಸ್ ಹಾಕಿದರೆ, ಅದರ ಸೆನ್ಸರ್ ಎಪಿಎಸ್-ಸಿ ಅಳತೆಯದಾದ್ದರಿಂದ, ಅಂದರೆ ಹಳೆಯ ಫಿಲಂ ಚೌಕಟ್ಟಿಗಿಂತ ಚಿಕ್ಕದಾದ್ದರಿಂದ, 450 ಎಂಎಂ ನೋಟ ಸಿಗುತ್ತದೆ. ಅದೇ ನಲವತ್ತು ಮೀಟರ್ ದೂರದಲ್ಲಿ ಮೂರು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಗಲ ತುಂಬುತ್ತದೆ, ಅಂದರೆ ಕೋಣದ ಜೋಡಿ ಚೌಕಟ್ಟಿನ ತುಂಬ. ಮೂಗಿನ ಹಗ್ಗದ ಎಳೆ, ಮೂಗಿನ ತುದಿಯ ಹನಿ, ಅಗಲವಾದ ಕಣ್ಣು. ಇದನ್ನು ಫೋನು ಇವತ್ತಿಗೂ ಕೊಡುವುದಿಲ್ಲ, ಕೊಟ್ಟಂತೆ ಕಂಡರೆ ದೊಡ್ಡದು ಮಾಡಿ ನೋಡಿ.

ಹೆಜ್ಜೆ 3: ಫೋನನ್ನು ತಯಾರು ಮಾಡಿ

ಮೊದಲು ಲೆನ್ಸ್ ಒರೆಸಿ. ಕಂಬಳದಲ್ಲಿ ಪ್ರತಿ ಓಟಕ್ಕೂ ಒರೆಸಬೇಕು, ಒಂದು ಕೆಸರಿನ ಹನಿ ಬಿದ್ದರೆ ಅರ್ಧ ಫೋಟೊ ಮಂಜು. ಜೇಬಿನಲ್ಲಿ ಎರಡು ಒಣ ಹತ್ತಿ ಬಟ್ಟೆ ಇರಲಿ.

ಆಂಡ್ರಾಯ್ಡ್ ಫೋನಾದರೆ ಪ್ರೊ ಮೋಡ್ ತೆರೆದು ಶಟರ್ 1/1000 ಇಡಿ, ಐಎಸ್‌ಒ ಆಟೊದಲ್ಲಿ ಬಿಡಿ. ಬಿಸಿಲು ಜೋರಿದ್ದರೆ 1/2000. ಐಫೋನಿನ ಸ್ವಂತ ಕ್ಯಾಮೆರಾ ಆ್ಯಪ್‌ನಲ್ಲಿ ಶಟರ್ ಇಡಲು ಜಾಗವಿಲ್ಲ, ಬೇರೆ ಆ್ಯಪ್ ಹಾಕಿಕೊಳ್ಳಬೇಕು. ಅದು ಬೇಡ ಅಂದರೆ ಬಿಸಿಲಿರುವಾಗ ತೆಗೆಯಿರಿ, ಮೇಲೆ ಹೇಳಿದ ಕಾರಣಕ್ಕೆ ಚೆನ್ನಾಗಿಯೇ ಬರುತ್ತದೆ. ನೈಟ್ ಮೋಡ್ ಆಫ್ ಮಾಡಿ. ಪೋರ್ಟ್ರೇಟ್ ಮೋಡ್ ಬೇಡವೇ ಬೇಡ, ಕೊಂಬು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಗೊತ್ತಾಗದೆ ಅದು ಕೊಂಬಿನ ತುದಿಯನ್ನೇ ಅಳಿಸುತ್ತದೆ.

ಒಂದೊಂದೇ ಒತ್ತುತ್ತಾ ಕೂರಬೇಡಿ, ಬರ್ಸ್ಟ್ ಬಳಸಿ, ಅಂದರೆ ಒಂದೇ ಸಲಕ್ಕೆ ಸಾಲಾಗಿ ಹಲವು ಫೋಟೊ. ಐಫೋನಿನಲ್ಲಿ ಶಟರ್ ಬಟನ್ನನ್ನು ಎಡಕ್ಕೆ ಎಳೆದು ಹಿಡಿಯಬೇಕು, ಸ್ಯಾಮ್‌ಸಂಗ್‌ನಲ್ಲಿ ಅಂಚಿನ ಕಡೆಗೆ ಎಳೆದು ಹಿಡಿಯಬೇಕು, ಬೇರೆ ಹಲವು ಫೋನ್‌ಗಳಲ್ಲಿ ಸುಮ್ನೆ ಒತ್ತಿ ಹಿಡಿದರೆ ಆಯಿತು. ಪ್ರೊ ಮೋಡ್‌ನಲ್ಲಿ ಬರ್ಸ್ಟ್ ಸಿಗದ ಫೋನ್‌ಗಳೂ ಇವೆ, ಅಂಥದ್ದಾದರೆ ಬಿಸಿಲಿನಲ್ಲಿ ಸಾಮಾನ್ಯ ಮೋಡ್ ಮತ್ತು ಬರ್ಸ್ಟ್, ನೆರಳಿನಲ್ಲಿ ಪ್ರೊ ಮೋಡ್ ಮತ್ತು ಒಂದೇ ಕ್ಲಿಕ್.

ಇನ್ನೊಂದು ದಾರಿ ವಿಡಿಯೊ. 4ಕೆ, 60 ಫ್ರೇಮ್‌ನಲ್ಲಿ ತೆಗೆದು ಆಮೇಲೆ ಬೇಕಾದ ಫ್ರೇಮ್ ಆರಿಸಿಕೊಂಡರೆ 8 ಮೆಗಾಪಿಕ್ಸೆಲ್ ಫೋಟೊ ಸಿಗುತ್ತದೆ. ಪತ್ರಿಕೆಯ ಒಳಪುಟಕ್ಕೆ, ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಅದು ಬೇಕಾದಷ್ಟು. ಬಿಸಿಲಿನಲ್ಲಿ ಮಾತ್ರ ಮಾಡಿ. ಮತ್ತು ಮಧ್ಯಾಹ್ನ ತುಂಬ ಹೊತ್ತು ವಿಡಿಯೊ ಮಾಡಿದರೆ ಫೋನು ಬಿಸಿಯಾಗಿ ಪರದೆ ಮಂಕಾಗುತ್ತದೆ, ಓಟಗಳ ನಡುವೆ ನೆರಳಿನಲ್ಲಿಡಿ.

ಹೆಜ್ಜೆ 4: ಕ್ಯಾಮೆರಾ ಇದ್ದರೆ

ಕ್ಯಾಮೆರಾ ಕೊಂಡು ಆಟೊ ಮೋಡ್‌ನಲ್ಲೇ ಇಟ್ಟು ತೆಗೆದವರು ಬಹಳ ಜನ. ಫೋನಿಗಿಂತ ಕೆಟ್ಟ ಫೋಟೊ ಬಂತು ಅಂತ ಬೇಸರಪಟ್ಟು ಅದನ್ನು ಕಪಾಟಿನಲ್ಲಿಟ್ಟಿದ್ದಾರೆ. ನಾಲ್ಕು ವಿಷಯ ಬದಲಾಯಿಸಿ.

ಶಟರ್ ನೀವೇ ಇಡುವ ಮೋಡ್‌ಗೆ ಹೋಗಿ. ನಿಕಾನ್, ಸೋನಿಯಲ್ಲಿ ಎಸ್, ಕ್ಯಾನನ್‌ನಲ್ಲಿ ಟಿವಿ ಅಂತ ಬರೆದಿರುತ್ತದೆ. 1/1250ರಿಂದ ಶುರು ಮಾಡಿ, ಐಎಸ್‌ಒ ಆಟೊ. ಎರಡನೆಯದು ಫೋಕಸ್: ಒಮ್ಮೆ ಹಿಡಿದು ನಿಲ್ಲುವ ಫೋಕಸ್ ಬೇಡ, ಹಿಂಬಾಲಿಸುತ್ತಾ ಇರುವುದು ಬೇಕು. ನಿಕಾನ್, ಸೋನಿಯಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೋ. ಇದು ಎಷ್ಟು ಮುಖ್ಯ ಅಂದರೆ, 300 ಎಂಎಂ ಲೆನ್ಸಿನಲ್ಲಿ ಎಫ್/5.6 ಇಟ್ಟು 20 ಮೀಟರ್ ದೂರದ ಕೋಣ ತೆಗೆದರೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು ಒಂದು ಮೀಟರ್. ಆ ಒಂದು ಮೀಟರನ್ನು ಕೋಣ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ದಾಟುತ್ತದೆ. ನೀವು ಫೋಕಸ್ ಹಿಡಿದು, ಉಸಿರು ಬಿಟ್ಟು, ಒತ್ತುವಷ್ಟರಲ್ಲಿ ಅದು ಬೇರೆ ಕಡೆ ಇರುತ್ತದೆ.

ಮೂರನೆಯದು ಒಂದರ ಹಿಂದೊಂದು ತೆಗೆಯುವ ಮೋಡ್. ರಾ (ಕುಗ್ಗಿಸದ ದೊಡ್ಡ ಫೈಲು) ಬದಲು ಜೆಪೆಗ್ (ಕುಗ್ಗಿಸಿದ ಸಾಮಾನ್ಯ ಫೋಟೊ ಫೈಲು) ಇಟ್ಟರೆ ಕಡಿಮೆ ಬೆಲೆಯ ಕ್ಯಾಮೆರಾಗಳೂ ಉಸಿರು ಕಟ್ಟದೆ ತೆಗೆಯುತ್ತವೆ. ನಾಲ್ಕನೆಯದು ಫೋಕಸ್ ಚುಕ್ಕಿ. ಕೋಣ ಕಪ್ಪು, ಒದ್ದೆ, ನುಣುಪು. ಬರೀ ಮೈಯ ಮೇಲೆ ಚುಕ್ಕಿ ಇಟ್ಟರೆ ಕ್ಯಾಮೆರಾಕ್ಕೆ ಹಿಡಿದುಕೊಳ್ಳಲು ಏನೂ ಸಿಗದೆ ಹುಡುಕಾಡುತ್ತದೆ. ಕೊಂಬಿನ ಬುಡ, ಹಗ್ಗ, ಮುಖದ ಅಂಚು, ಇಂಥ ಕಡೆ ಇಡಿ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಪ್ರಾಣಿಯ ಕಣ್ಣನ್ನು ತಾವೇ ಹುಡುಕುತ್ತವೆ, ನಾಯಿ, ಬೆಕ್ಕು, ಹಕ್ಕಿಗೆ ಅದು ನಿಜಕ್ಕೂ ವರ. ಕೋಣದ ಮೇಲೆ ಅಷ್ಟೇ ನಂಬಬೇಡಿ, ಮೊದಲ ಓಟದಲ್ಲಿ ಪರೀಕ್ಷೆ ಮಾಡಿ, ಹಿಡಿಯದಿದ್ದರೆ ಆಫ್ ಮಾಡಿ. ಚಿಮ್ಮಿದ ನೀರಿಗೆ ಫೋಕಸ್ ಜಿಗಿಯುವುದು ಇನ್ನೊಂದು ಕಾಟ. ಮೆನುವಿನಲ್ಲಿ ಫೋಕಸ್ ಎಷ್ಟು ಬೇಗ ಬೇರೆ ವಸ್ತುವಿಗೆ ಬದಲಾಗಬೇಕು ಅನ್ನುವ ಆಯ್ಕೆ ಇದ್ದರೆ ಅದನ್ನು ನಿಧಾನದ ಕಡೆಗೆ ಇಡಿ.

ಫ್ಲ್ಯಾಶ್ ಎರಡರಲ್ಲೂ ಆಫ್. ಕೋಣದ ಕಣ್ಣಿಗೆ, ಓಡಿಸುವವರ ಕಣ್ಣಿಗೆ ಆ ವೇಗದಲ್ಲಿ ಫ್ಲ್ಯಾಶ್ ಹೊಡೆಯುವುದು ಅಪಾಯ.

ಹೆಜ್ಜೆ 5: ಜಾಗ ಹಿಡಿಯುವುದು

ಎದುರಿನಿಂದ ಬರುವ ಕೋಣಕ್ಕೆ ಶಟರ್ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಯಾಕೆಂದರೆ ಚೌಕಟ್ಟಿನಲ್ಲಿ ಅದು ಅಡ್ಡ ಸರಿಯುವುದಿಲ್ಲ, ದೊಡ್ಡದಾಗುತ್ತಾ ಬರುತ್ತದೆ. ಆದರೆ ಫೋಕಸ್ ಕಷ್ಟ. ಪಕ್ಕದಿಂದ ತೆಗೆದರೆ ಫೋಕಸ್ ಸುಲಭ, ಶಟರ್ ಜೋರಾಗಿರಬೇಕು. ಹಾಗಾಗಿ ಮಂಜೊಟ್ಟಿಯ ಕಡೆಗೆ ಕ್ಯಾಮೆರಾ, ಕರೆಯ ಬದಿಗೆ ಫೋನು ಅಂತ ನಾನು ಹಂಚಿಕೊಂಡಿದ್ದೇನೆ. ಮಂಜೊಟ್ಟಿಯಲ್ಲಿ ಕೋಣಗಳು ಓಟದ ರಭಸಕ್ಕೆ ಏರಿ ಮೇಲೆ ಬರುತ್ತವೆ, ಅವು ಬರುವ ದಾರಿಯಲ್ಲಿ ನಿಲ್ಲಲೇಬೇಡಿ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟವರಿಗೆ ದೂರ ಗೊತ್ತಾಗುವುದಿಲ್ಲ. ಸ್ವಯಂಸೇವಕರು ಹಿಂದೆ ಹೋಗಿ ಅಂದರೆ ವಾದ ಮಾಡದೆ ಹೋಗಿ.

ಫೋನಿನವರಿಗೆ ನಾನು ಮೊದಲು ಹೇಳುವುದು ಕನೆಹಲಗೆ ಓಟವನ್ನು, ಅಂದರೆ ತೂತಿರುವ ಹಲಗೆಯ ಮೇಲೆ ನಿಂತು ಕೋಣ ಓಡಿಸುವ ಓಟವನ್ನು. ಇದರಲ್ಲಿ ವೇಗ ಲೆಕ್ಕಕ್ಕಿಲ್ಲ, ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಅನ್ನುವುದೇ ಮುಖ್ಯ. ಆರೂವರೆ ಕೋಲು, ಏಳೂವರೆ ಕೋಲು (ಕೋಲು ಅಂದರೆ ಇಲ್ಲಿನ ಒಂದು ಅಳತೆ) ಎತ್ತರದಲ್ಲಿ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ, ನೀರು ಅದನ್ನು ಮುಟ್ಟಬೇಕು. ನಿಮಗೆ ಇದರಿಂದ ಏನು ಲಾಭ? ಆ ಕ್ಷಣ ಎಲ್ಲಿ ಆಗುತ್ತದೆ ಅಂತ ಮೊದಲೇ ಗೊತ್ತು! ನಿಶಾನೆಯ ಕೆಳಗಿನ ಜಾಗದ ಮೇಲೆ ಪರದೆಯನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಲಾಕ್ ಮಾಡಿ. ಫೋನನ್ನು ಅಡ್ಡ ಹಿಡಿಯಬೇಡಿ, ನೆಟ್ಟಗೆ ಹಿಡಿಯಿರಿ, ನೀರು ಏಳುವುದು ಮೇಲಕ್ಕೆ ತಾನೆ. ಕೋಣ ನಿಶಾನೆಗೆ ಎರಡು ಹೆಜ್ಜೆ ಇರುವಾಗಲೇ ಬರ್ಸ್ಟ್ ಶುರು ಮಾಡಿ, ನೀರು ಕೆಳಗೆ ಬೀಳುವವರೆಗೆ ಬಿಡಬೇಡಿ. ಬೆಳಗಿನ ಅಥವಾ ಇಳಿಹೊತ್ತಿನ ಬಿಸಿಲು ನೀರಿನ ಹಿಂದಿನಿಂದ ಬರುವ ಹಾಗೆ ನಿಂತರೆ ಹನಿಗಳೆಲ್ಲ ಉರಿಯುತ್ತವೆ. ಈ ಫೋಟೊವನ್ನು ಫೋನಿನಲ್ಲಿ ತೆಗೆದದ್ದು ಅಂತ ಯಾರೂ ಹೇಳಲಾರರು.

ಹಿಂದಿನದೆಲ್ಲ ಗೆರೆಗೆರೆಯಾಗಿ ಕೋಣ ಮಾತ್ರ ಸ್ಪಷ್ಟವಾಗಿ ಕಾಣುವ ಫೋಟೊ ಬೇಕಾ? ಅದಕ್ಕೆ ಪಕ್ಕದಲ್ಲಿ ನಿಂತು 1/60 ಇಟ್ಟು, ಕೋಣದ ಜೊತೆಗೇ ಸೊಂಟದಿಂದ ತಿರುಗುತ್ತಾ ತೆಗೆಯಬೇಕು. ಬಿಸಿಲಿನಲ್ಲಿ ಇದು ಕ್ಯಾಮೆರಾದ ಕೆಲಸ. ಫೋನಿನ ಬಾಯಿ ಕಿರಿದಾಗದ ಕಾರಣ 1/60ಕ್ಕೆ ಎಲ್ಲ ಬೆಳ್ಳಗಾಗಿ ಹೋಗುತ್ತದೆ. ಸಂಜೆಯಾದರೆ ಫೋನಿನಲ್ಲೂ ಬರುತ್ತದೆ. ಇಪ್ಪತ್ತು ತೆಗೆದರೆ ಒಂದು ಸಿಗಬಹುದು, ಆ ಒಂದಕ್ಕೆ ಇಪ್ಪತ್ತೂ ತೆಗೆಯಬೇಕು.

ಹೊನಲು ಬೆಳಕಿನಲ್ಲಿ

ಕಂಬಳ ರಾತ್ರಿಯೆಲ್ಲ ನಡೆಯುತ್ತದೆ, ಒಳ್ಳೆಯ ಓಟಗಳು ಹಲವು ಸಲ ರಾತ್ರಿಯೇ. ಇಲ್ಲಿ ಕ್ಯಾಮೆರಾ ಇದ್ದರೆ ಸಾಕು ಅಂತ ತಿಳಿಯಬೇಡಿ. ಕಿಟ್ ಜೂಮ್ ಲೆನ್ಸಿನ (ಕ್ಯಾಮೆರಾದ ಜೊತೆಗೇ ಬರುವ ಲೆನ್ಸಿನ) ಎಫ್/5.6 ಬಾಯಿಯಲ್ಲಿ 1/500 ಇಡಲು ಐಎಸ್‌ಒ 6400 ಅಥವಾ ಅದಕ್ಕೂ ಮೇಲೆ ಬೇಕಾಗುತ್ತದೆ. ಎಫ್/1.8 ಲೆನ್ಸು ಇದರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂದರೆ ಹತ್ತಿರ ನಿಂತು ತೆಗೆಯುವಾಗ, ಫೋನಿನ ಮುಖ್ಯ ಲೆನ್ಸು ಆ ಕಿಟ್ ಜೂಮ್‌ಗಿಂತ ಹಿಂದೆ ಬೀಳುವುದಿಲ್ಲ, ಸೆನ್ಸರ್ ಚಿಕ್ಕದಾದರೂ ಬಾಯಿ ದೊಡ್ಡದಿದೆ. ಪ್ರೊ ಮೋಡ್‌ನಲ್ಲಿ 1/500 ಇಟ್ಟು ನೋಡಿ, ಕಾಳು ಕಾಳಾದರೂ ಕೋಣ ಕೋಣವಾಗಿಯೇ ಇರುತ್ತದೆ. ರಾತ್ರಿ ಫೋನನ್ನು ನಿಜವಾಗಿ ಹಿಂದೆ ಹಾಕಬೇಕಾದರೆ ಕ್ಯಾಮೆರಾಕ್ಕೆ 50 ಅಥವಾ 85 ಎಂಎಂ ಎಫ್/1.8 ಲೆನ್ಸ್ ಹಾಕಿ. ನಾನು ಇದನ್ನು ತಿಳಿಯದೆ ಎರಡು ಸೀಸನ್ ರಾತ್ರಿಯ ಓಟಗಳನ್ನು ಕಳೆದುಕೊಂಡೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಕೊಳ್ಳಬೇಕಾ?

ಮೊದಲ ಪರೀಕ್ಷೆಗೆ ಹಿಂದೆ ಹೋಗಿ. ಶಟರ್‌ನಿಂದ ಕೆಟ್ಟಿದ್ದರೆ ಕೊಳ್ಳಬೇಡಿ, ಪ್ರೊ ಮೋಡ್ ಕಲಿಯಿರಿ. ಬೆಳಕಿನಿಂದ ಕೆಟ್ಟಿದ್ದರೆ ಹೊತ್ತು ಮತ್ತು ಜಾಗ ಬದಲಾಯಿಸಿ ನೋಡಿ. ದೂರದಿಂದ ಕೆಟ್ಟಿದ್ದರೆ, ಹತ್ತಿರ ಹೋಗಲು ಸಾಧ್ಯವೇ ಇಲ್ಲದಿದ್ದರೆ, ಆಗ ಕೊಳ್ಳಿ. ಹಕ್ಕಿಗಳ ಹುಚ್ಚಿದ್ದವರಿಗೆ ಇದು ಬೇಗ ಗೊತ್ತಾಗುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳ ಮೇಲೇ ಗೂಡು ಕಟ್ಟುವುದರಿಂದ ಟೆಲಿ ಇರುವ ಫೋನಿನಲ್ಲೂ ಗೂಡಿಗೆ ಇಳಿಯುವ ಹಕ್ಕಿ ಸಿಗುತ್ತದೆ. ಅದೇ ರಂಗನತಿಟ್ಟಿನ ದೋಣಿಯಲ್ಲಿ ಕೂತು, ನೀರಿನ ಮೇಲೆ ಮೀನಿಗೆ ಎರಗುವ ರೀವಹಕ್ಕಿಯನ್ನು ಫೋನಿನಲ್ಲಿ ಹಿಡಿಯುತ್ತೇನೆ ಅಂದರೆ ಆಗದು. ದೋಣಿಯೂ ಅಲ್ಲಾಡುತ್ತದೆ, ಹಕ್ಕಿಯೂ ಚಿಕ್ಕದು, 1/2000 ಮತ್ತು 300 ಎಂಎಂಗಿಂತ ಕಡಿಮೆಯಾದರೆ ಬಿಳಿ ಚುಕ್ಕಿ ಅಷ್ಟೆ.

ಹೊಸದೇ ಬೇಕಿಲ್ಲ. ಹಳೆಯ ಡಿಎಸ್‌ಎಲ್‌ಆರ್ ಜೊತೆಗೆ ಕ್ಯಾನನ್ 55-250 ಎಸ್‌ಟಿಎಂ ಅಥವಾ ನಿಕಾನ್ ಎಎಫ್-ಪಿ 70-300 ಸಿಕ್ಕರೆ ಕಂಬಳಕ್ಕೆ ಧಾರಾಳ. ಒಂದು ಎಚ್ಚರ: ಈ ಎಎಫ್-ಪಿ ಲೆನ್ಸುಗಳು ಡಿ3200, ಡಿ5100ರಂಥ ಹಳೆಯ ನಿಕಾನ್‌ಗಳಲ್ಲಿ ಫೋಕಸ್ ಆಗುವುದೇ ಇಲ್ಲ. ಎರಡನ್ನೂ ಬೇರೆ ಬೇರೆಯವರಿಂದ ಕೊಳ್ಳುವುದಾದರೆ ಜೋಡಿಸಿ, ರಸ್ತೆಯಲ್ಲಿ ಹೋಗುವ ಬೈಕಿನ ಮೇಲೆ ಫೋಕಸ್ ಹಿಡಿದು ನೋಡಿ ಆಮೇಲೆ ದುಡ್ಡು ಕೊಡಿ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಹಿಡಿದಿದೆಯಾ ನೋಡಿ, ನಮ್ಮ ಕರಾವಳಿಯ ಮಳೆಗಾಲ ದಾಟಿದ ಲೆನ್ಸುಗಳಲ್ಲಿ ಇದು ಜಾಸ್ತಿ.

ಕೊನೆಯ ಹೆಜ್ಜೆ ಮನೆಗೆ ಬಂದ ಮೇಲೆ. ಬರ್ಸ್ಟ್ ತೆಗೆದರೆ ಒಂದು ದಿನಕ್ಕೆ ಎಂಟುನೂರು, ಸಾವಿರ ಫೋಟೊ ಆಗುತ್ತವೆ. ಅದೇ ದಿನ ಕೂತು ಆರಿಸಿ, ಮರುದಿನಕ್ಕೆ ಇಟ್ಟರೆ ಆಗುವುದಿಲ್ಲ. ನಾನು ಮೊದಲು ಕಣ್ಣು ನೋಡುತ್ತೇನೆ, ಕೋಣದ ಕಣ್ಣು ಮಸುಕಾಗಿದ್ದರೆ ಅಳಿಸುತ್ತೇನೆ. ಆಮೇಲೆ ಕಾಲು, ನಾಲ್ಕೂ ಕಾಲು ನೆಲಬಿಟ್ಟದ್ದು ಉಳಿಯುತ್ತದೆ. ಓಡಿಸುವವರ ಮುಖ ಕೊಂಬಿನ ಹಿಂದೆ ಮರೆಯಾದದ್ದು ಹೋಗುತ್ತದೆ. ಹತ್ತೋ ಹನ್ನೆರಡೋ ಉಳಿಯುತ್ತವೆ. ಅವುಗಳಲ್ಲಿ ಕೋಣದ ಯಜಮಾನರಿಗೆ, ಓಡಿಸಿದವರಿಗೆ ಅವರವರ ಫೋಟೊ ಅದೇ ರಾತ್ರಿ ಕಳಿಸುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಅವರು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಟ್ಟಿಯ ಗೋಡೆಗೆ ತೂಗುಹಾಕುತ್ತಾರೆ.